ಚೀರದ ಗಾಲಿ

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಐದು ದಿನ ಉಳಿದಿದೆ ಎನ್ನುವಾಗ ಇಂಗಳೇಶ್ವರದ ಬಸಂತರಾಯ ಗೌಡರು ಬಾಗೇವಾಡಿಯ ನಬಿಸಾಬ ಉಸ್ತಾದನಿಗೆ ಹೇಳಿ ಕಳಿಸಿದರು. ಉಸ್ತಾದನ ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದರು. ಹಾಗಾಗಿ ಬಂದವನು ಅವನ ಕೈಕೆಳಗಿನ ಧೂಳಪ್ಪ.

ಧೂಳಪ್ಪ ಹನ್ನೊಂದು ವರ್ಷ ಉಸ್ತಾದನ ಗ್ಯಾರೇಜಿನಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದವನು. ಅವನಿಗೆ ಬಾರದ ಕೆಲಸವಿರಲಿಲ್ಲ. ಆದರೆ ಒಂದು ಗಾಡಿಯನ್ನು ತಾನೇ ಬಿಚ್ಚಿ, ತಾನೇ ಕೂಡಿಸಿ, ಕೊನೆಗೆ ‘ಆಯಿತು, ಒಯ್ಯಿರಿ’ ಎಂದು ಹೇಳಿದ್ದು ಅವನ ಆಯುಷ್ಯದಲ್ಲಿ ಇರಲಿಲ್ಲ. ಆ ಮಾತು ಯಾವಾಗಲೂ ಉಸ್ತಾದನದು. ಬಾಗೇವಾಡಿಯ ಸಂಜೆ ಶಾಲೆಯಲ್ಲಿ ಅವನು ಏಳನೆಯ ಇಯತ್ತೆಯವರೆಗೆ ಓದಿದ್ದ. ಏಳರ ಪರೀಕ್ಷೆಯಲ್ಲಿ ಮೊದಲನೆಯ ಲೆಕ್ಕವನ್ನು ಸರಿಯಾಗಿ ಬಿಡಿಸಿ, ಅದು ಸರಿಯೇ ಎಂದು ಮೂರು ಸಲ ತಾಳೆ ನೋಡುವಷ್ಟರಲ್ಲಿ ಗಂಟೆ ಬಾರಿಸಿತ್ತು. ಅಂಥ ಮನುಷ್ಯ.

ಗೌಡರ ಜೀಪು ಊರ ಹೊರಗಿನ ತೋಟದ ಮನೆಯಲ್ಲಿತ್ತು. ಮಿಲಿಟರಿಯವರ ಹರಾಜಿನಲ್ಲಿ ಕೊಂಡದ್ದು. ಆರು ವರ್ಷದ ಹಿಂದೆ ಕಲ್ಲಿನ ಖಣಿಯ ಪಕ್ಕದ ಇಳಿಜಾರಿನಲ್ಲಿ ಅದರ ಬ್ರೇಕು ಸೋತು, ಗುಂಡುಕಲ್ಲಿಗೆ ಮುಖ ಕೊಟ್ಟು ನಿಂತಿತ್ತು. ಒಳಗಿದ್ದವರಿಗೆ ಏನೂ ಆಗಲಿಲ್ಲವಾದರೂ ಗೌಡರು ಅದನ್ನು ಎತ್ತು ಕಟ್ಟಿ ಎಳೆಸಿ ತಂದು ತಗಡಿನ ಕೆಳಗೆ ನಿಲ್ಲಿಸಿದವರು ಮತ್ತೆ ಅದರ ಕಡೆ ನೋಡಿರಲಿಲ್ಲ. ಆಡುಗಳು ಬಾನೆಟ್ಟಿನ ಮೇಲೆ ಹತ್ತಿ ನಿಂತು ಬೇವಿನ ತೊಪ್ಪಲು ಎಳೆಯುತ್ತಿದ್ದವು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ನಾಲ್ಕೂ ಟೈರು ಬಿರಿದು, ಬಿರುಕಿನಲ್ಲಿ ಬೆರಳು ಇಟ್ಟರೆ ಒಳಗಿನ ನೂಲು ಸಿಗುತ್ತಿತ್ತು.

ಈಗ ಅದನ್ನು ಎಬ್ಬಿಸುವ ಕಾರಣ ಗೌಡರ ಮಗಳು ಇಂದುಬಾಯಿ. ಆ ವರ್ಷ ಊರಿನ ನಾಲ್ಕು ಹುಡುಗಿಯರು ಪರೀಕ್ಷೆಗೆ ಕಟ್ಟಿದ್ದರು. ಕೇಂದ್ರ ಬಾಗೇವಾಡಿ. ಮುಂಜಾನೆಯ ಬಸ್ಸು ನಿಂತು ಹೋಗಿತ್ತು. ಪರೀಕ್ಷೆ ಹತ್ತೂವರೆಗೆ. ಹನ್ನೊಂದಕ್ಕೆ ಬಾಗೇವಾಡಿ ಮುಟ್ಟುವ ಬಸ್ಸಿಗೆ ಹೋದರೆ ಪ್ರಶ್ನೆಪತ್ರಿಕೆ ಕೊಟ್ಟು ಅರ್ಧ ತಾಸು ಆಗಿರುತ್ತದೆ. ಬಾಗೇವಾಡಿಯಲ್ಲಿ ಯಾರದೋ ಮನೆಯಲ್ಲಿ ಹೆಣ್ಣು ಹುಡುಗಿಯರನ್ನು ಎಂಟು ದಿನ ಇಡಲು ಉಳಿದ ಮೂವರ ತಂದೆಯರು ಒಪ್ಪಲಿಲ್ಲ. ಗೌಡರ ಮಗಳು ಗೌಡರ ಗಾಡಿಯಲ್ಲಿ ಹೋಗಿ ಬರುವುದಾದರೆ ತಮ್ಮವರೂ ಹೋಗಲಿ, ಇಲ್ಲವಾದರೆ ಓದಿದ್ದು ಸಾಕು ಎಂದರು. ಅಂದರೆ ಜೀಪು ಹೋದರೆ ನಾಲ್ವರ ಪರೀಕ್ಷೆ, ಹೋಗದಿದ್ದರೆ ಯಾರದೂ ಇಲ್ಲ.

ಗೌಡರು ಇದನ್ನೆಲ್ಲ ಧೂಳಪ್ಪನಿಗೆ ಜೀಪಿನ ಮುಂದೆಯೇ ನಿಂತು ಹೇಳಿದರು. ಆಮೇಲೆ ಇಷ್ಟೇ ಅಂದರು:

“ಎಂಜಿನ್ನಿಂದು ನನಗ ಕಾಳಜಿ ಇಲ್ಲ. ಅದು ನಿಂತರ ನಿಂತೀತು. ಬ್ರೇಕ್ ಹಿಡೀತಾವ ಅಂತ ನೀ ಬಾಯಿಬಿಟ್ಟು ಹೇಳಬೇಕು. ಆಮ್ಯಾಲೆ ನಾ ಹುಡುಗ್ಯಾರನ್ನ ಕೂಡಸ್ತೇನಿ.”

ಧೂಳಪ್ಪ ನೋಡುತ್ತೇನೆ ಎಂದ. ನೋಡುತ್ತೇನೆ ಎನ್ನುವುದಲ್ಲ, ಹೇಳಬೇಕು ಎಂದು ಗೌಡರು ಮತ್ತೊಮ್ಮೆ ಅಂದರು.

ಕೆಲಸ ಶುರುವಾಯಿತು. ಗಾಲಿಯ ನಟ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ಸೀಮೆಎಣ್ಣೆ ನೆನೆಸಿ ರಾತ್ರಿಯಿಡೀ ಬಿಟ್ಟು ಮರುದಿನ ಬಿಚ್ಚಿದ. ಎಡಗಡೆಯ ಗಾಲಿಗಳ ನಟ್ಟು ಉಲ್ಟಾ ತಿರುಗಿಸಬೇಕು ಎಂಬುದು ಆ ಜೀಪಿನ ಹಟ. ಅದು ಗೊತ್ತಿಲ್ಲದೆ ಹಿಂದೆ ಯಾರೋ ಮುರಿದ ಎರಡು ಬೋಲ್ಟುಗಳನ್ನು ಹೊಸದಾಗಿ ಹಾಕಿದ. ಡ್ರಮ್ಮು ತೆಗೆದರೆ ಒಳಗೆ, ಬ್ರೇಕು ತುಳಿದಾಗ ಡ್ರಮ್ಮಿಗೆ ಒತ್ತಿ ಗಾಲಿ ಹಿಡಿಯುವ ಲೈನರು ಸವೆದು ರಿವೆಟ್ಟು ಹೊಳೆಯುತ್ತಿದ್ದವು. ರಬ್ಬರಿನ ವಾಷರುಗಳು ಬೆಲ್ಲದಂತೆ ಕೈಗೆ ಅಂಟಿದವು. ಮುಂದಿನ ಎಡಗಾಲಿಯ ಹಿಂಬದಿಯ ತಗಡಿನಲ್ಲಿದ್ದ ತೂತಿನ ಮುಚ್ಚಳ ಬಿದ್ದು ಹೋಗಿತ್ತು, ಧೂಳು ಹೊಗದಂತೆ ಅದಕ್ಕೆ ಅರಿವೆ ತುರುಕಿದ.

ಟೈರು, ಲೈನರು, ವಾಷರು, ಬ್ರೇಕಿನ ಎಣ್ಣೆಯ ಡಬ್ಬಿ ಎಲ್ಲವನ್ನೂ ವಿಜಾಪುರದಿಂದ ಬಸ್ಸಿನ ಮೇಲೆ ಹೇರಿಕೊಂಡು ತಂದವನು ಶಂಕ್ರೆಪ್ಪ. ನಿಡಗುಂದಿಯಲ್ಲಿ ಗೌಡರ ಬೀಗರ ಮನೆಯ ಟ್ರ್ಯಾಕ್ಟರು ಹೊಡೆಯುವವನು. ಪರೀಕ್ಷೆ ಮುಗಿಯುವ ತನಕ ಜೀಪು ನಡೆಸಲು ಬಂದಿದ್ದ. ಧೂಳಪ್ಪ ಒಂದೊಂದು ನಟ್ಟನ್ನೂ ಬಿಗಿದು, ಎದ್ದು ಹೋಗಿ, ತಿರುಗಿ ಬಂದು ಮತ್ತೆ ಪಾನಾ ಹಚ್ಚಿ ನೋಡುವುದನ್ನು ಕಂಡು ಅವನು ಬಂದ ದಿನವೇ ಹೆಸರಿಟ್ಟ.

“ಎಂಜಿನಿಯರ್ ಸಾಹೇಬ್ರ, ನಟ್ಟಿಗೇನು ಕಾಲು ಬಂದಾವೇನ್ರಿ, ಎದ್ದು ಹೋಗಾಕ?”

ಧೂಳಪ್ಪ ನಕ್ಕ. ಆದರೆ ಶಂಕ್ರೆಪ್ಪ ಆಚೆ ಹೋದ ಮೇಲೆ ಇನ್ನೊಂದು ಸಲ ಪಾನಾ ಹಚ್ಚಿ ನೋಡಿದ.

ಅವನಿಗೆ ಕೈಗೆ ಕೈ ಕೊಟ್ಟವನು ಆ ಮನೆಯ ಬಂಡಿ ಹೊಡೆಯುವ ಅಮೋಘಸಿದ್ಧ ಮುತ್ಯಾ. ಅರವತ್ತು ದಾಟಿದ ಮುದುಕ. ನಲವತ್ತು ವರ್ಷದಿಂದ ಗೌಡರ ಬಂಡಿ ಅವನ ಕೈಯಲ್ಲೇ ಇತ್ತು. ಜೀಪೆಂದರೆ ಅವನಿಗೆ ಅಷ್ಟಕ್ಕಷ್ಟೆ. ಆದರೂ ಗೌಡರ ಮಗಳು ಹೋಗುವ ಗಾಡಿ ಎಂದು ಮೂರು ದಿನವೂ ಧೂಳಪ್ಪನ ಮಗ್ಗುಲು ಬಿಡಲಿಲ್ಲ. ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯುವಾಗ ಒಬ್ಬರು ಮೇಲೆ ಕೂತು ಪೆಡಲು ತುಳಿಯಬೇಕು, ಇನ್ನೊಬ್ಬರು ಕೆಳಗೆ ಗಾಲಿಯ ಹತ್ತಿರ ಸ್ಕ್ರೂ ಬಿಚ್ಚಿ ಹಿಡಿಯಬೇಕು. ಮುತ್ಯಾ ಪೆಡಲು ತುಳಿದ. ಪ್ರತಿ ಗಾಲಿಯ ಹತ್ತಿರ ಮೊದಲು ಗುಳ್ಳೆ, ಆಮೇಲೆ ಎಣ್ಣೆಯ ಎಳೆ ಬರುವುದನ್ನು ಬಗ್ಗಿ ಬಗ್ಗಿ ನೋಡಿದ.

“ಈ ಗಾಡಿಗೂ ಗಾಲಿಗೆ ಎಣ್ಣಿ ಬೇಕೇನು, ತಮ್ಮಾ?”

ಧೂಳಪ್ಪನ ಲಕ್ಷ್ಯ ಗುಳ್ಳೆಯ ಮೇಲಿತ್ತು. ಆದರೂ ಮುದುಕನಿಗೆ ತಿಳಿಯಲಿ ಎಂದು ಬಿಡಿಸಿ ಹೇಳಿದ.

“ಎಣ್ಣಿ ಇಲ್ಲಂದ್ರ ಬ್ರೇಕ ಇಲ್ಲ, ಮುತ್ಯಾ. ಗಾಲಿ ಗಾಲಿಗೂ ಎಣ್ಣಿ ಮುಟ್ಟಿರಬೇಕು. ಅಂದ್ರ ಹಿಡೀತಾವ.”

ಮುತ್ಯಾ ತಲೆದೂಗಿದ. ಮೂರು ದಿನದಲ್ಲಿ ಅವನಿಗೆ ಪೂರ್ತಿ ತಿಳಿದ ಮೊದಲ ಮಾತು ಅದು.

ನಾಲ್ಕನೆಯ ದಿನ ಸಂಜೆ ತೋಟದ ರಸ್ತೆಯಲ್ಲಿ ಜೀಪು ಓಡಿಸಿ ನೋಡಿದರು. ಬ್ರೇಕು ತುಳಿದಲ್ಲಿ ನಿಂತಿತು. ಆದರೆ ತುಳಿದಾಗಲೆಲ್ಲ ಮುಂದಿನ ಎಡಗಾಲಿ ಚೀರುತ್ತಿತ್ತು. ಕೇಳಿದವರ ಹಲ್ಲು ಜುಮ್ಮೆನ್ನುವ ಚೀರು. ಹೊಸ ಲೈನರು ಹಳೆಯ ಡ್ರಮ್ಮಿಗೆ ಇನ್ನೂ ಕೂತಿಲ್ಲ, ಎರಡು ದಿನ ಓಡಿದರೆ ತಾನೇ ನಿಲ್ಲುತ್ತದೆ ಎಂದು ಧೂಳಪ್ಪ ಗೌಡರಿಗೆ ಹೇಳಿದ. ಗೌಡರು ಬೇರೇನೋ ಕಾಯುತ್ತಿದ್ದರು. ಅವರು ಕಾಯುತ್ತಿದ್ದ ಮಾತು ಧೂಳಪ್ಪನಿಗೆ ಗೊತ್ತಿತ್ತು. ಕೊನೆಗೆ ಹೇಳಿದ:

“ಹಿಡೀತಾವ್ರಿ.”

ಹೇಳಿದ ಮೇಲೆ ಕಂದೀಲು ಹಿಡಿದು ನಾಲ್ಕೂ ಗಾಲಿಗೆ ಮತ್ತೊಮ್ಮೆ ಪಾನಾ ಹಚ್ಚಿ ನೋಡಿದ.

ಮರುದಿನ ಮುಂಜಾನೆ ಏಳೂವರೆಗೆ ಜೀಪು ಹೊರಟಿತು. ಗೌಡರು ಮುಂದೆ ಶಂಕ್ರೆಪ್ಪನ ಪಕ್ಕದಲ್ಲಿ ಕೂತರು. ಇಂದುಬಾಯಿ ಹಿಂದೆ. ಊರೊಳಗೆ ಹೋಗಿ ಉಳಿದ ಮೂವರನ್ನು ಹತ್ತಿಸಿಕೊಂಡು, ಸುತ್ತು ಹಾಕಿ ಗುಡ್ಡ ಏರಿ, ಖಣಿಯ ಇಳಿಜಾರು ಇಳಿದರೆ ಬಾಗೇವಾಡಿಯ ರಸ್ತೆ. ಹೊನ್ನವ್ವ ಗೌಡತಿ ಬಾಗಿಲ ಹತ್ತಿರ ನಿಲ್ಲಿಸಿ ಮಗಳಿಗೆ ಮೊಸರು ಸಕ್ಕರೆ ಕೊಟ್ಟಳು. ಶಂಕ್ರೆಪ್ಪ ನಿಂತಲ್ಲಿಂದ ಬಿಟ್ಟು, ತೋಟದ ಗೇಟಿನ ಹತ್ತಿರ ಎಮ್ಮೆ ಅಡ್ಡ ಬಂತೆಂದು ಮೆಲ್ಲಗೆ ಬ್ರೇಕು ತುಳಿದು, ಮತ್ತೆ ಹೋದ.

ಗಾಲಿ ಚೀರಲಿಲ್ಲ.

ಧೂಳಪ್ಪ ಜೀಪಿನ ಧೂಳು ನೋಡುತ್ತ ನಿಂತಿದ್ದ. ಚೀರದಿದ್ದರೆ ಒಳ್ಳೆಯದೇ ಎಂದುಕೊಂಡ. ಒಂದು ರಾತ್ರಿಯಲ್ಲಿ ಲೈನರು ಹೇಗೆ ಕೂತಿತು ಎಂದು ಆಮೇಲೆ ಅನಿಸಿತು. ನಿಂತ ಗಾಡಿಯ ಲೈನರು ಸವೆಯುವುದಿಲ್ಲ. ಹಾಗಾದರೆ ಆ ಗಾಲಿಯಲ್ಲಿ ಬ್ರೇಕು ಮುಟ್ಟುತ್ತಿಲ್ಲವೇ? ತಾನು ಬಿಗಿದದ್ದು ಸಡಿಲಾಯಿತೇ? ಒಳಗೆ ವಾಷರು ಒಡೆದು ಬ್ರೇಕಿನ ಎಣ್ಣೆ ಸೋರಿತೇ? ಅವನು ಜೀಪು ನಿಂತಿದ್ದ ಜಾಗಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತ. ಎಡಗಾಲಿ ಇದ್ದಲ್ಲಿ ಮಣ್ಣು ಅಂಗೈಯಗಲ ಕಪ್ಪಾಗಿತ್ತು.

ಬೆರಳಿಗೆ ಹಚ್ಚಿ ಮೂಸಿದ. ಬ್ರೇಕಿನ ಎಣ್ಣೆ ತೆಳ್ಳಗೆ, ಮೂಗಿಗೆ ಹೊಡೆಯುವ ವಾಸನೆ. ಇದು ದಪ್ಪ, ಅಂಟು. ಔಡಲ ಎಣ್ಣೆ.

ಅಮೋಘಸಿದ್ಧ ಮುತ್ಯಾ ಅಲ್ಲಿಯೇ ಎತ್ತಿಗೆ ಮೇವು ಹಾಕುತ್ತಿದ್ದ. ಧೂಳಪ್ಪ ಏನೂ ಕೇಳುವ ಮೊದಲೇ ಅವನ ಮುಖದಲ್ಲಿ ಸಂತೋಷ ಕಂಡಿತು.

“ನಸಿಕಿನ್ಯಾಗ ಹಾಕೇನಿ. ಹಿಂದಿನ ತೂತಿಗೆ ನೀ ಅರಿವಿ ತುರುಕಿದ್ದಿ ನೋಡು, ಅದನ್ನ ತಗದು, ಎತ್ತಿಗೆ ಔಷಧ ಕುಡಸೂ ಗೊಟ್ಟದಾಗ ಒಂದು ಗೊಟ್ಟ ತುಂಬ ಹೊಯ್ದೆ. ನೀನ ಅಂದಿದ್ದಿ, ಗಾಲಿಗೆ ಎಣ್ಣಿ ಮುಟ್ಟಿರಬೇಕು ಅಂತ. ಅದೊಂದಕ್ಕ ಮುಟ್ಟಿದ್ದಿಲ್ಲ, ಅದಕ ಅಳತಿತ್ತು. ಈ ಮನ್ಯಾಗಿನ ಗಾಲಿ ಅತ್ತದ್ದು ಊರವರು ಎಂದೂ ಕೇಳಿಲ್ಲ, ತಮ್ಮಾ.”

ಧೂಳಪ್ಪ ಬೆರಳಿನ ಎಣ್ಣೆ ನೋಡಿದ. ಬಂಡಿಯ ಗಾಲಿ ಕಿರಗುಟ್ಟಿದರೆ ಕೀಲೆಣ್ಣೆ ಹಾಕುವುದು ಎಲ್ಲರಿಗೂ ಗೊತ್ತು. ಬ್ರೇಕಿನ ಎಣ್ಣೆ ಕೊಳವೆಯೊಳಗೆ ಇರಬೇಕು, ಲೈನರಿಗೆ ಒಂದು ಹನಿಯೂ ತಾಗಬಾರದು ಎಂಬುದನ್ನು ಈ ಮುದುಕನಿಗೆ ಯಾರೂ ಹೇಳಿರಲಿಲ್ಲ. ತಾನು ಹೇಳಿದ್ದು ಎಣ್ಣೆ ಎಂಬ ಒಂದು ಮಾತು. ಈಗ ಬಲಗಾಲಿ ಹಿಡಿಯುತ್ತದೆ, ಎಡಗಾಲಿ ಜಾರುತ್ತದೆ. ಜೋರಾಗಿ ಬ್ರೇಕು ತುಳಿದರೆ ಜೀಪು ಬಲಕ್ಕೆ ಎಳೆಯುತ್ತದೆ. ಖಣಿಯ ಇಳಿಜಾರಿನಲ್ಲಿ ಬಲಕ್ಕೆ ಇರುವುದು ಖಣಿ. ಕಲ್ಲು ತೆಗೆದು ತೆಗೆದು ಮೂರಾಳು ಆಳವಾದದ್ದು.

ಜೀಪು ಸುತ್ತು ಹಾಕಿ ಬರಬೇಕು. ಊರೊಳಗೆ ಮೂರು ಮನೆಯ ಮುಂದೆ ನಿಲ್ಲಬೇಕು. ಗುಡ್ಡದ ಹೆಗಲ ಮೇಲಿನ ಕಾಲುದಾರಿಯಲ್ಲಿ ಓಡಿದರೆ ಇಳಿಜಾರಿನ ತಲೆ ಒಂದು ಮೈಲಿ. ಧೂಳಪ್ಪ ಚಪ್ಪಲಿ ಬಿಟ್ಟು ಓಡಿದ. ಹಿಂದಿನಿಂದ ಮುತ್ಯಾ ಏನಾಯಿತೆಂದು ಕೂಗಿದ್ದು ಕೇಳಿಸಿತು. ಎಣ್ಣಿ ಹಾಕಬಾರದಿತ್ತು ಮುತ್ಯಾ, ಬ್ರೇಕ ಜಾರತೈತಿ ಎಂದು ಓಡುತ್ತಲೇ ಹೇಳಿದ. ಮುದುಕನಿಗೆ ಎಷ್ಟು ಮುಟ್ಟಿತೋ ಗೊತ್ತಾಗಲಿಲ್ಲ.

ಓಡುವಾಗ ಅವನ ಮನಸ್ಸಿನಲ್ಲಿ ಒಂದೇ ಇತ್ತು: ಜೀಪು ಇಳಿಜಾರಿಗೆ ಬಾಯಿ ಹಾಕುವ ಮೊದಲು ತಾನು ಅಲ್ಲಿರಬೇಕು. ಜಾಲಿಯ ಮುಳ್ಳು ಎರಡು ಕಡೆ ಹೊಕ್ಕಿತು. ಗುಡ್ಡದ ನೆತ್ತಿಗೆ ಬಂದಾಗ ಆಚೆಯಿಂದ ಎಂಜಿನ್ನಿನ ಏರುದನಿ ಕೇಳಿತು. ಅವನು ಇಳಿದು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದ.

ಎತ್ತಿದ ಮೇಲೆ ತಿಳಿಯಿತು. ಜೀಪು ನಿಲ್ಲಬೇಕಾದರೆ ಶಂಕ್ರೆಪ್ಪ ಬ್ರೇಕು ತುಳಿಯಬೇಕು. ತುಳಿಯಬಾರದು ಎಂದು ಹೇಳಲು ಓಡಿ ಬಂದವನು ತುಳಿ ಎಂದು ಕೈ ಮಾಡಿದ್ದ. ಕೈ ಕೆಳಗಿಳಿಸಿದ. ಹಾಗೆ ಇಳಿಸಿದ್ದು ನೋಡಿ ಶಂಕ್ರೆಪ್ಪನಿಗೆ ಇನ್ನಷ್ಟು ಗಾಬರಿಯಾಗಿರಬೇಕು. ರಸ್ತೆಯ ನಡುವೆ ನಿಂತ ಮನುಷ್ಯನನ್ನು ಕಂಡು ಅವನು ಇದ್ದ ಬಲವನ್ನೆಲ್ಲ ಕಾಲಿಗೆ ಹಾಕಿದ.

ಜೀಪಿನ ಮುಖ ಬಲಕ್ಕೆ ತಿರುಗಿತು. ಖಣಿಯ ಅಂಚಿನ ಸಣ್ಣ ಕಲ್ಲುಗಳು ಗಾಲಿಗೆ ಸಿಕ್ಕು ಒಳಗೆ ಬಿದ್ದ ಸದ್ದು ಕೇಳಿತು. ಶಂಕ್ರೆಪ್ಪ ಟ್ರ್ಯಾಕ್ಟರಿನವನು, ಕೈ ಗಟ್ಟಿ. ಬ್ರೇಕಿನಿಂದ ಕಾಲು ತೆಗೆದು ಸ್ಟೇರಿಂಗನ್ನು ಎಡಕ್ಕೆ ಕಿತ್ತು ಎಳೆದ. ಜೀಪು ರಸ್ತೆ ದಾಟಿ ಎಡಗಡೆಯ ಹೊಲಕ್ಕೆ ನುಗ್ಗಿ, ಜೋಳದ ಕೂಳೆಯ ಮೇಲೆ ಕುಣಿದು ಕುಣಿದು, ಒಡ್ಡಿಗೆ ಮೂಗು ಕೊಟ್ಟು ನಿಂತಿತು. ಧೂಳು ಕೆಳಗೆ ಕೂತಿತು. ಆಮೇಲೆ ಹಿಂದಿನ ಸೀಟಿನಲ್ಲಿ ಚಂದವ್ವ ಎಂಬ ಹುಡುಗಿ ಅಳತೊಡಗಿದಳು.

ಯಾರಿಗೂ ದೊಡ್ಡ ಪೆಟ್ಟಾಗಿರಲಿಲ್ಲ. ಗೌಡರ ಹಣೆ ಕನ್ನಡಿಗೆ ತಾಗಿ ಬಾತಿತ್ತು. ಅವರು ಕೆಳಗಿಳಿದು ಮೊದಲು ಕೈಗಡಿಯಾರ ನೋಡಿದರು. ಎಂಟು ಹತ್ತು.

ಶಂಕ್ರೆಪ್ಪ ಜೀಪಿನಿಂದ ಹಾರಿ ಇಳಿದ. ಧೂಳಪ್ಪನ ಕಡೆ ಬೆರಳು ಮಾಡಿದ.

“ಸಾಹೇಬ್ರು ಮಾಡಿದ ಬ್ರೇಕ್ರಿ ಇವು. ತುಳದ್ರ ಸೀದಾ ಖಣಿಗೆ ಒಯ್ತಾವ. ಇನ್ನ ನಾ ಇದನ್ನ ಮುಟ್ಟಾಂವ ಅಲ್ಲ.”

ಗೌಡರು ಧೂಳಪ್ಪನ ಕಡೆ ತಿರುಗಿದರು. ಅಷ್ಟರಲ್ಲಿ ಗುಡ್ಡದ ನೆತ್ತಿಯಲ್ಲಿ ಅಮೋಘಸಿದ್ಧ ಮುತ್ಯಾ ಕಾಣಿಸಿದ. ಧೂಳಪ್ಪನ ಹತ್ಯಾರಗಳ ಚೀಲವನ್ನು ತಲೆಯ ಮೇಲೆ ಹೊತ್ತು, ಏದುಸಿರು ಬಿಡುತ್ತ ಇಳಿಯುತ್ತಿದ್ದ. ಮುದುಕ ಹತ್ತಿರ ಬರುವುದರೊಳಗೆ ಹೇಳಿಬಿಟ್ಟರೆ ತನ್ನ ಮೇಲಿನ ಭಾರ ಇಳಿದೀತು ಎಂದು ಧೂಳಪ್ಪನಿಗೆ ಒಂದು ಗಳಿಗೆ ಅನಿಸಿದ್ದು ನಿಜ. ಅನಿಸಿದ್ದಕ್ಕೇ ನಾಚಿಕೆಯಾಯಿತು.

“ಎಡಗಾಲಿಯ ಲೈನರಿಗೆ ಎಣ್ಣಿ ಹೊಕ್ಕೈತ್ರಿ. ಗಾಲಿಗೆ ಎಣ್ಣಿ ಮುಟ್ಟಿರಬೇಕು ಅಂತ ಹೇಳಿದಾಂವ ನಾನ. ಎಲ್ಲಿ ಅಂತ ಹೇಳಲಿಲ್ಲ. ತಪ್ಪು ನಂದ್ರಿ.”

ಮುತ್ಯಾ ಚೀಲ ಇಳಿಸಿ, ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಹುಡುಗಿಯರನ್ನು ಒಬ್ಬೊಬ್ಬರಾಗಿ ಎಣಿಸಿ ನೋಡಿದ. ನಾಲ್ಕೂ ಜನ ನಿಂತಿದ್ದರು.

“ಹೊಯ್ದಾಂವ ನಾ, ಗೌಡ್ರ,” ಎಂದ.

ಗೌಡರು ಇಬ್ಬರನ್ನೂ ಬೈಯಲಿಲ್ಲ. ಬೈದಿದ್ದರೆ ಧೂಳಪ್ಪನಿಗೆ ಹಗುರವಾಗುತ್ತಿತ್ತು. ಎಷ್ಟು ಹೊತ್ತು ಬೇಕು ಎಂದು ಮಾತ್ರ ಕೇಳಿದರು. ಮುಕ್ಕಾಲು ತಾಸು ಎಂದ. ಬಂಡಿಯಲ್ಲಿ ಹೋದರೆ ಹನ್ನೊಂದಾದರೂ ಮುಟ್ಟುವುದಿಲ್ಲ. ಮಾಡು ಎಂದರು.

ಧೂಳಪ್ಪ ಗಾಲಿ ಬಿಚ್ಚಿ ಡ್ರಮ್ಮು ತೆಗೆದ. ಲೈನರು ಎಣ್ಣೆ ಕುಡಿದು ಮಿಂಚುತ್ತಿತ್ತು. ಟಾಕಿಯಿಂದ ಪೆಟ್ರೋಲು ಎಳೆದು ತೊಳೆದ. ಬಿಚ್ಚಿದ ಲೈನರನ್ನು ಹೊಲದ ನಡುವೆ ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದ. ಉರಿ ಆರಿದ ಮೇಲೆ ಒಳಗಿನಿಂದ ಎಣ್ಣೆ ಬೆವರಿನಂತೆ ಮೇಲೆ ಬಂತು. ಮತ್ತೆ ತೊಳೆದು, ಮತ್ತೆ ಸುಟ್ಟು, ಒರಟು ಕಲ್ಲಿಗೆ ಉಜ್ಜಿದ. ಮೂರನೆಯ ಸಲವೂ ಸ್ವಲ್ಪ ಬೆವರಿತು. ಉಸ್ತಾದ ಇದ್ದಿದ್ದರೆ ಇದನ್ನು ಎಸೆದು ಹೊಸದು ಹಾಕು ಎನ್ನುತ್ತಿದ್ದ. ಹೊಸದು ವಿಜಾಪುರದಲ್ಲಿತ್ತು. ಒಣ ಮಣ್ಣಿನಲ್ಲಿ ಉರುಳಿಸಿ, ಜಾಡಿಸಿ, ಕೂಡಿಸಿದ. ಒಂಬತ್ತು ಹೊಡೆದಿತ್ತು.

“ಈಗ ಹಿಡೀತಾವೇನು?”

ಇದೇ ಪ್ರಶ್ನೆಗೆ ನಿನ್ನೆ ಸಂಜೆ ಅವನು ಉತ್ತರ ಕೊಟ್ಟಿದ್ದ.

“ಹಿಡೀತಾವ ಅಂತ ಮಾತ ಕೊಡಾಂಗಿಲ್ರಿ,” ಎಂದ ಧೂಳಪ್ಪ. “ಬಯಲಾಗ ಮೆಲ್ಲಕ ಹೋದ್ರ ನಡೀತೈತಿ. ಈ ಇಳಿಜಾರಿಗೆ ಹೇಳಾಂಗಿಲ್ಲ.”

ಗೌಡರ ಮುಖ ಬಿಗಿಯಿತು. ಹುಡುಗಿಯರ ಕಡೆ ನೋಡಿ, ಮನೆಗೆ ನಡೆಯಿರಿ, ಮುಂದಿನ ವರ್ಷ ನೋಡೋಣ ಎನ್ನುವ ಹಾಗೆ ಕೈ ಎತ್ತಿದರು. ಮುಂದಿನ ವರ್ಷ ಎಂಬುದು ಇರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರಲ್ಲಿ ಗುರವ್ವ ಎಂಬವಳ ತಂದೆ ಆಗಲೇ ವರ ನೋಡಿ ಇಟ್ಟಿದ್ದ. ಆಗ ಇಂದುಬಾಯಿ ಮುಂದೆ ಬಂದಳು. ರಟ್ಟಿನ ಹಲಗೆಯನ್ನು ಎದೆಗೆ ಅವುಚಿಕೊಂಡಿದ್ದಳು.

“ಅಪ್ಪಾ, ನಾವು ನಡದು ಇಳೀತೇವಿ. ಜೀಪ ಖಾಲಿ ಇಳೀಲಿ. ಕೆಳಗ ಹತ್ತತೇವಿ.”

ಅಷ್ಟು ಸಣ್ಣ ಮಾತು ಅಲ್ಲಿದ್ದ ಗಂಡಸರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗೌಡರು ಶಂಕ್ರೆಪ್ಪನನ್ನು ನೋಡಿದರು. ಅವನು ಆಗದು ಎಂದು ತಲೆ ಅಲ್ಲಾಡಿಸಿದ. ಧೂಳಪ್ಪ ಹೋಗಿ ಸ್ಟೇರಿಂಗಿನ ಹಿಂದೆ ಕೂತ. ಗ್ಯಾರೇಜಿನ ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿದ್ದು, ಬಾಗೇವಾಡಿಯ ಬಯಲು ರಸ್ತೆಯಲ್ಲಿ ಓಡಿಸಿ ನೋಡಿದ್ದು ಬಿಟ್ಟರೆ ಇಳಿಜಾರಿನಲ್ಲಿ ಅವನು ಗಾಡಿ ನಡೆಸಿದವನಲ್ಲ.

ಆ ಜೀಪಿಗೆ ದೊಡ್ಡ ಗೇರಿನ ಪಕ್ಕದಲ್ಲಿ ಇನ್ನೆರಡು ಸಣ್ಣ ಕೋಲುಗಳಿದ್ದವು. ಕೆಸರಿನಲ್ಲಿ ಸಿಕ್ಕರೆ ಹಾಕುವವು. ಅವನ್ನು ಹಾಕಿ ಮೊದಲನೆಯ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ಬ್ರೇಕು ಬೇಡ. ಆರು ವರ್ಷ ಯಾರೂ ಮುಟ್ಟದ ಕೋಲುಗಳು. ಎರಡು ಕೈ ಹಾಕಿ ಜಗ್ಗಿದಾಗ ಕಟಕ್ಕೆಂದು ಕೂತವು.

ಮುತ್ಯಾ ಖಣಿಯ ಅಂಚಿನಿಂದ ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡ, ಒಂದು ಬದಿ ಚೂಪಾದ ಕಲ್ಲು ಆರಿಸಿ ತಂದ.

“ಬಂಡಿ ಇಳಸೂ ಮುಂದ ಗಾಲಿ ಮಗ್ಗಲಕ ಕಲ್ಲ ಹಿಡಕೊಂಡು ನಡಿಯಾಂವ ಒಬ್ಬ ಬೇಕು. ನೀ ಬಿಡು. ನಾ ಅದೇನಿ.”

ಜೀಪು ಇಳಿಜಾರಿಗೆ ಇಳಿಯಿತು. ಎಂಜಿನ್ನು ಗೋಳಿಡುತ್ತಿತ್ತು. ವೇಗ ಮಾತ್ರ ಮನುಷ್ಯನ ನಡಿಗೆಯಷ್ಟೇ. ಹಿಂದಿನ ಎಡಗಾಲಿಯ ಪಕ್ಕದಲ್ಲಿ ಮುತ್ಯಾ ಕಲ್ಲು ಹಿಡಿದು ಬಗ್ಗಿ ನಡೆಯುತ್ತಿದ್ದ. ಅವರ ಹಿಂದೆ ಗೌಡರು, ಹುಡುಗಿಯರು, ಎಲ್ಲರ ಹಿಂದೆ ಶಂಕ್ರೆಪ್ಪ. ಧೂಳಪ್ಪ ಖಣಿಯ ಕಡೆ ನೋಡಬಾರದು ಎಂದುಕೊಂಡ. ನೋಡದೆ ಇರಲು ಆಗಲಿಲ್ಲ. ಬಲಗಡೆಯ ಗಾಲಿಗೂ ಅಂಚಿಗೂ ನಡುವೆ ಇದ್ದದ್ದು ನಾಲ್ಕು ಮೊಳ. ಅರ್ಧ ಇಳಿಜಾರು ಹೀಗೇ ಆಯಿತು.

ತಿರುವಿನಲ್ಲಿ ಒಂದು ಹಳ್ಳಕ್ಕೆ ಗಾಲಿ ಧಡಕ್ಕೆಂದು ಬಿತ್ತು. ಆ ಪೆಟ್ಟಿಗೆ ಸಣ್ಣ ಕೋಲುಗಳಲ್ಲಿ ಒಂದು ಹಾರಿ ಗೇರು ಬಿಟ್ಟಿತು. ಎಂಜಿನ್ನಿನ ಗೋಳು ಒಮ್ಮೆಲೇ ಹಗುರವಾಯಿತು. ಜೀಪು ತನ್ನಷ್ಟಕ್ಕೆ ಓಡತೊಡಗಿತು.

ಧೂಳಪ್ಪ ಸ್ಟೇರಿಂಗನ್ನು ಎಡಕ್ಕೆ ಒತ್ತಿ ಹಿಡಿದು ಬ್ರೇಕು ತುಳಿದ. ಮುಖ ಬಲಕ್ಕೆ ಎಳೆಯಿತು. ಬಿಟ್ಟ. ಓಟ ಹೆಚ್ಚಿತು. ಮತ್ತೆ ತುಳಿದ, ಬಿಟ್ಟ, ತುಳಿದ, ಬಿಟ್ಟ. ಪ್ರತಿ ಸಲವೂ ಒಂದು ಗೇಣು ಅಂಚಿನ ಕಡೆ, ಪ್ರತಿ ಸಲವೂ ಕೈಯ ಬಲದಿಂದ ಅರ್ಧ ಗೇಣು ಈಚೆ. ಓಟ ನಿಲ್ಲಲಿಲ್ಲ, ಆದರೆ ಹೆಚ್ಚುವುದು ನಿಂತಿತು. ಪಕ್ಕದಲ್ಲಿ ಮುತ್ಯಾನ ಕಾಲು ಓಡುವ ಸದ್ದು ಕೇಳುತ್ತಿತ್ತು. ಅವನು ಎತ್ತಿಗೆ ಹೇಳುವ ಹಾಗೆ ಹೋ, ಹೋ, ಹೋ ಎನ್ನುತ್ತಿದ್ದ. ಮುದುಕ ಜೀಪಿಗೆ ಹೇಳುತ್ತಿದ್ದಾನೋ ತನಗೆ ಹೇಳುತ್ತಿದ್ದಾನೋ ಧೂಳಪ್ಪನಿಗೆ ತಿಳಿಯಲಿಲ್ಲ.

ಮುತ್ಯಾ ಗಾಲಿಗೆ ಕಲ್ಲು ಕೊಟ್ಟ. ಹಿಂದಿನ ಗಾಲಿ ಎದ್ದಿತು. ಕಲ್ಲಿನ ಮೇಲೆ ಹತ್ತಿ, ದಾಟಲೋ ಬೇಡವೋ ಎಂದು ತೂಗಿ, ಹಿಂದಕ್ಕೆ ಜಾರಿ ಕೂತಿತು. ಜೀಪು ನಿಂತಿತು.

ಧೂಳಪ್ಪ ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ. ತಲೆ ಹೊರಗೆ ಹಾಕಿ ನೋಡಿದ. ಮುತ್ಯಾ ರಸ್ತೆಯಲ್ಲಿ ಮೊಣಕಾಲೂರಿ ಕೂತಿದ್ದ. ಬಲಗೈಯ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬರುತ್ತಿತ್ತು. ಬೆರಳು ಉಳಿದಿದ್ದವು.

“ಹತ್ತು, ಮುತ್ಯಾ. ಈ ಕೋಲ ಹಿಡಕೊಂಡು ಕೂಡು. ಏನಾದ್ರೂ ಬಿಡಬ್ಯಾಡ.”

“ಕಲ್ಲ ಯಾರು ಹಿಡೀತಾರ?”

ಹಿಂದಿನಿಂದ ಗೌಡರು ಬಂದರು. ರುಮಾಲು ಬಿಚ್ಚಿ ಮಗಳ ಕೈಗೆ ಕೊಟ್ಟು, ಧೋತರ ಮೇಲೆ ಕಟ್ಟಿ, ಬಗ್ಗಿ ಗಾಲಿಯ ಪಕ್ಕದಲ್ಲಿ ನಿಂತರು. ಮುತ್ಯಾ ಬೇಡ ಬೇಡವೆಂದು ಏನೋ ಹೇಳಹೋದ. ಹತ್ತಿ ಕೂಡು ಎಂದು ಗೌಡರು ಗದರಿದರು. ಧೂಳಪ್ಪ ಕೋಲನ್ನು ಮತ್ತೆ ಕೂಡಿಸಿ ಜೀಪನ್ನು ಸ್ವಲ್ಪ ಹಿಂದೆ ತೆಗೆದುಕೊಂಡಾಗ ಕಲ್ಲನ್ನು ಅವರೇ ಎತ್ತಿ ಎದೆಗೆ ಹಿಡಿದರು. ಬಿಳಿ ಅಂಗಿಯ ಮೇಲೆ ಮುತ್ಯಾನ ರಕ್ತ ಹತ್ತಿತು.

ಉಳಿದ ಅರ್ಧ ಇಳಿಜಾರನ್ನು ಹಾಗೆ ಇಳಿದರು. ಮುದುಕ ಎರಡೂ ಕೈಯಿಂದ ಕೋಲನ್ನು ಅದುಮಿ ಹಿಡಿದು, ಕಣ್ಣು ಮುಚ್ಚಿಕೊಂಡು ಕೂತಿದ್ದ. ಗೌಡರು ಕಲ್ಲು ಹೊತ್ತು ಜೀಪಿನ ಮಗ್ಗುಲಿಗೆ ನಡೆದರು. ಎದುರಿಗೆ ಕಟ್ಟಿಗೆ ಹೊತ್ತು ಬರುತ್ತಿದ್ದ ಇಬ್ಬರು ಹೆಂಗಸರು ಈ ಮೆರವಣಿಗೆ ನೋಡಿ ರಸ್ತೆ ಬಿಟ್ಟು ನಿಂತರು. ಕೆಳಗೆ ಬಯಲು ಮುಟ್ಟಿದಾಗ ಒಂಬತ್ತು ನಲವತ್ತು. ಗೌಡರು ಕಲ್ಲನ್ನು ರಸ್ತೆಯ ಬದಿಗೆ ಇಟ್ಟು, ಹತ್ತಿರಿ ಎಂದರು. ಮೊದಲು ಹತ್ತಿದವಳು ಚಂದವ್ವ. ಅಲ್ಲಿಂದ ಬಾಗೇವಾಡಿಯ ತನಕ ಧೂಳಪ್ಪ ಎರಡನೆಯ ಗೇರು ದಾಟಲಿಲ್ಲ. ಶಂಕ್ರೆಪ್ಪ ಹಿಂಬದಿಯ ಪಾಟಿ ಹಲಗೆಯ ಮೇಲೆ ಕೂತು ಎರಡು ಸಲ ರಸ್ತೆಯ ತಗ್ಗು ತೋರಿಸಿದ, ಎರಡು ಸಲವೂ ಧೂಳಪ್ಪಣ್ಣ ಎಂದು ಕರೆದು.

ಮೊದಲ ಗಂಟೆ ಆಗಿತ್ತು. ಹುಡುಗಿಯರು ಇಳಿದು ಓಡಿದರು. ಗುರವ್ವನ ಪೆನ್ನು ಜೀಪಿನಲ್ಲಿ ಉಳಿಯಿತೆಂದು ಶಂಕ್ರೆಪ್ಪ ಹಿಂದೆಯೇ ಓಡಿ ಕೊಟ್ಟು ಬಂದ. ಸಿಪಾಯಿ ಗೇಟು ಹಾಕಿದ. ಸಂಜೆ ಹೇಗೆ ಎಂದು ಗೌಡರು ಕೇಳಿದರು.

“ತಿರುಗಿ ಹೋಗೂ ಮುಂದ ಅದು ಏರು ಐತ್ರಿ,” ಎಂದ ಧೂಳಪ್ಪ. “ಏರಿಗೆ ಮಾತ ಕೊಡ್ತೇನಿ. ಆಚಿ ಇಳಕಲಿಗೆ ಹುಡುಗ್ಯಾರು ನಡದು ಬರಲಿ. ನಾಳಿಂದು ಬಿಚ್ಚಿ ನೋಡಿ ಹೇಳ್ತೇನಿ.”

ಗೌಡರು ಅದಕ್ಕೆ ಒಪ್ಪಿ, ಮುತ್ಯಾನನ್ನು ಕರೆದುಕೊಂಡು ದವಾಖಾನೆಗೆ ಹೋದರು. ಶಂಕ್ರೆಪ್ಪ ಹೊಸ ಲೈನರು ತರಲು ವಿಜಾಪುರದ ಬಸ್ಸು ಹಿಡಿದ.

ಧೂಳಪ್ಪ ಜೀಪನ್ನು ಶಾಲೆಯ ಗೋಡೆಯ ನೆರಳಿಗೆ ನಿಲ್ಲಿಸಿ, ಜಾಕು ಕೊಟ್ಟು ಎಡಗಾಲಿ ಬಿಚ್ಚಿದ. ಡ್ರಮ್ಮು ಬಿಸಿಯಾಗಿ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕದೆ ಬರುವಂತಿರಲಿಲ್ಲ. ಸುತ್ತಿಗೆ ಎತ್ತಿದವನು ಮೇಲಿನ ಕಿಟಕಿಯ ಕಡೆ ನೋಡಿದ. ಒಳಗೆ ಯಾರೂ ಮಾತಾಡುತ್ತಿರಲಿಲ್ಲ, ಕಾಗದ ಮಗುಚುವ ಸದ್ದು ಮಾತ್ರ ಇತ್ತು. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಸುತ್ತಿಗೆಯ ಮೂತಿಗೆ ಎರಡು ಸುತ್ತು ಸುತ್ತಿ, ಗಂಟು ಹಾಕಿ, ಮೆಲ್ಲಗೆ ಬಡಿಯತೊಡಗಿದ.